ಲಾರಿ ಉಳಿಯಿತು, ಕೆಲಸ ಉಳಿಯಲಿಲ್ಲ: ಕನ್ಸಾಲಿಡೇಟೆಡ್ ಫ್ರೈಟ್‌ವೇಸ್ ಪ್ರಕರಣ

2002ರ ಸೆಪ್ಟೆಂಬರ್ 2, ಸೋಮವಾರ. ಅಮೆರಿಕದಲ್ಲಿ ಅವತ್ತು ಕಾರ್ಮಿಕರ ದಿನದ ರಜೆ. ನಮ್ಮ ಹಾಗೆ ಅವರದು ಮೇ 1 ಅಲ್ಲ, ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರ. ಆ ರಜೆಯ ದಿನ ಕನ್ಸಾಲಿಡೇಟೆಡ್ ಫ್ರೈಟ್‌ವೇಸ್ ಎಂಬ ಲಾರಿ ಕಂಪನಿಯ ನೌಕರರು ಫೋನನ್ನು ಕಿವಿಗಿಟ್ಟುಕೊಂಡು, ಮೊದಲೇ ರೆಕಾರ್ಡ್ ಮಾಡಿಟ್ಟ ಒಂದು ದನಿ ಕೇಳಿದರು. ಅದು ಕಂಪನಿಯ ಮುಖ್ಯಸ್ಥರ ದನಿ. ಕಂಪನಿ ಮುಚ್ಚುತ್ತಿದೆ, ನಿಮ್ಮ ಕೆಲಸ ಇಲ್ಲಿಗೆ ಮುಗಿಯಿತು ಎಂಬುದು ಸುದ್ದಿ. ಮಾರನೇ ದಿನ ದಿವಾಳಿ ಅರ್ಜಿ ಕೋರ್ಟಿಗೆ ಹೋಯಿತು. ಸುಮಾರು 15,500 ಜನ ಒಂದೇ ಏಟಿಗೆ ಕೆಲಸ ಕಳೆದುಕೊಂಡರು. ಇಪ್ಪತ್ತು, ಮೂವತ್ತು ವರ್ಷ ಅದೇ ಕಂಪನಿಯ ಸ್ಟಿಯರಿಂಗ್ ಹಿಡಿದವರು ಅವರಲ್ಲಿ ಎಷ್ಟೋ ಮಂದಿ. "ನನ್ನ ಈ ತಿಂಗಳ ಸಂಬಳ? ನನ್ನ ಆಸ್ಪತ್ರೆ ವಿಮೆ?" ಅಂತ ಕೇಳೋಣವೆಂದರೆ ಆ ಕಡೆ ಯಾರೂ ಇರಲಿಲ್ಲ.

ಒಂದು ಕಂಪನಿ ಮುಳುಗಿದ್ದು ದೊಡ್ಡ ವಿಷಯವಲ್ಲ ಅನ್ನಬಹುದು. ಆದರೆ ಈ ಕಂಪನಿ ಮುಳುಗಿದ ರೀತಿ ನೋಡಿದರೆ 1980ರ ಒಂದು ಕಾಯ್ದೆಗೆ ಹೋಗಿ ಮುಟ್ಟುತ್ತೇವೆ. ಲಾರಿ ಸಾಗಣೆಯ ಮೇಲಿದ್ದ ಸರ್ಕಾರಿ ಹಿಡಿತವನ್ನು ಸಡಿಲಿಸಿದ ಕಾಯ್ದೆ ಅದು. ಅದರಿಂದ ಬಾಡಿಗೆ ಇಳಿಯಿತು, ಅಂಗಡಿಗೆ ಸಾಮಾನು ಬೇಗ ಬಂತು. ಅದರ ಬೆಲೆ ಯಾರ ಕೈಯಿಂದ ಹೋಯಿತು ಎಂದು ಕೇಳಲು ಈ ಕಂಪನಿಯ ಕಥೆಯೇ ಸರಿಯಾದ ದಾರಿ.

ಕನ್ಸಾಲಿಡೇಟೆಡ್ ಫ್ರೈಟ್‌ವೇಸ್ ಹುಟ್ಟಿದ್ದು 1929ರಲ್ಲಿ, ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ. ಕಟ್ಟಿದವರು ಲೀಲ್ಯಾಂಡ್ ಜೇಮ್ಸ್. ಪಶ್ಚಿಮದ ಬೆಟ್ಟಗಳನ್ನು ಹತ್ತಲು ಆ ಕಾಲದ ಲಾರಿಗಳು ಏದುಸಿರು ಬಿಡುತ್ತಿದ್ದವು. ಲಾರಿಯ ಸ್ವಂತ ತೂಕವೇ ಜಾಸ್ತಿ. ಯಾವ ತಯಾರಕರೂ ಹಗುರವಾದ ಗಾಡಿ ಮಾಡಿಕೊಡಲು ಮುಂದೆ ಬರದಿದ್ದಾಗ ಜೇಮ್ಸ್ ತಾವೇ ಅಲ್ಯೂಮಿನಿಯಂ ಬಳಸಿ ಲಾರಿ ಕಟ್ಟಲು ಶುರು ಮಾಡಿದರು. ಅದೇ ಫ್ರೈಟ್‌ಲೈನರ್. ಇವತ್ತಿಗೂ ಅಮೆರಿಕದ ಯಾವ ಹೆದ್ದಾರಿಯಲ್ಲಿ ನಿಂತರೂ ಕಣ್ಣಿಗೆ ಬೀಳುವ ಹೆಸರು. ಕಂಪನಿ ಮಾಡುತ್ತಿದ್ದದ್ದು ನಮ್ಮ ಮಾತಿನಲ್ಲಿ ಹೇಳುವುದಾದರೆ ಪಾರ್ಸಲ್ ಲಾರಿ ವ್ಯವಹಾರ. ಹತ್ತು ಗಿರಾಕಿಗಳ ಸಣ್ಣ ಸಣ್ಣ ಸರಕನ್ನು ಒಂದು ಕಡೆ ಸೇರಿಸಿ, ಒಂದೇ ಲಾರಿಗೆ ತುಂಬಿ, ಆ ಊರಿನ ಟರ್ಮಿನಲ್‌ನಲ್ಲಿ ಇಳಿಸಿ ಹಂಚುವುದು. ಹುಬ್ಬಳ್ಳಿಯ ವಿಆರ್‌ಎಲ್ ಪಾರ್ಸಲ್ ಕಚೇರಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಗ ಅಲ್ಲಿ ಲಾರಿ ಇಟ್ಟವರೆಲ್ಲ ಬಾಡಿಗೆ ಓಡಿಸುವಂತಿರಲಿಲ್ಲ. 1935ರ ಮೋಟಾರ್ ಕ್ಯಾರಿಯರ್ ಕಾಯ್ದೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸಾಗಣೆಯನ್ನು ಅಂತರರಾಜ್ಯ ವಾಣಿಜ್ಯ ಆಯೋಗದ ಕೈಗೆ ಕೊಟ್ಟಿತ್ತು. ಈ ಆಯೋಗ 1887ರಲ್ಲಿ ರೈಲ್ವೆಗಾಗಿ ಹುಟ್ಟಿದ್ದು. ಯಾವ ದಾರಿಯಲ್ಲಿ ಹೋಗಬೇಕು, ಯಾವ ಸರಕು ಹಾಕಬೇಕು, ಎಲ್ಲವೂ ಪರ್ಮಿಟ್ ಪ್ರಕಾರ. ಹೊಸಬ ಪರ್ಮಿಟ್ ಕೇಳಿದರೆ ಆ ದಾರಿಯಲ್ಲಿ ಆಗಲೇ ಓಡುತ್ತಿದ್ದ ಕಂಪನಿಗಳು ತಕರಾರು ಹಾಕುತ್ತಿದ್ದವು. ದರವನ್ನು ಕಂಪನಿಗಳೇ ಒಟ್ಟಿಗೆ ಕೂತು ಗೊತ್ತು ಮಾಡುತ್ತಿದ್ದವು. ಹಾಗೆ ಮಾಡುವುದು ಏಕಸ್ವಾಮ್ಯ ತಡೆ ಕಾನೂನಿಗೆ ವಿರುದ್ಧವಲ್ಲ ಎಂದು 1948ರಲ್ಲಿ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಕಾಯ್ದೆಯನ್ನೇ ಮಾಡಿತು. ಅಧ್ಯಕ್ಷ ಟ್ರೂಮನ್ ಸಹಿ ಹಾಕಲು ಒಪ್ಪಲಿಲ್ಲ. ಕಾಂಗ್ರೆಸ್ ಅವರನ್ನು ಮೀರಿ ಅದನ್ನು ಪಾಸು ಮಾಡಿತು.

ಈ ವ್ಯವಸ್ಥೆಯಲ್ಲಿ ನಿಜಕ್ಕೂ ತಲೆಕೆಟ್ಟ ನಿಯಮಗಳಿದ್ದವು. ಕೆಲವು ಪರ್ಮಿಟ್‌ಗಳಲ್ಲಿ ಇಂಥ ಊರನ್ನು ಹಾದೇ ಹೋಗಬೇಕು ಎಂಬ ಕಟ್ಟಳೆ. ನೇರ ದಾರಿ ಇದ್ದರೂ ಸುತ್ತಬೇಕು. ಹೋಗುವಾಗ ಸರಕು ಒಯ್ಯಲು ಅನುಮತಿ, ಬರುವಾಗ ಇಲ್ಲ. ಖಾಲಿ ಲಾರಿ ಡೀಸೆಲ್ ಸುಟ್ಟುಕೊಂಡು ವಾಪಸ್ಸು ಬರಬೇಕು. ರೈತನ ಬೆಳೆಗೆ ಮಾತ್ರ ವಿನಾಯಿತಿ. ಹಾಗಾದರೆ ಕೊಯ್ದು ಶುಚಿ ಮಾಡಿದ ಕೋಳಿ ರೈತನ ಮಾಲೋ, ಕಾರ್ಖಾನೆಯ ಮಾಲೋ? ಈ ಜಗಳ ಸುಪ್ರೀಂ ಕೋರ್ಟಿನ ತನಕ ಹೋಯಿತು. 1956ರಲ್ಲಿ ಕೋರ್ಟು, ಅದು ರೈತನ ಮಾಲೇ ಎಂದಿತು. ಕೋಳಿ ಸಾಗಣೆ ದರ ಸುಮಾರು ಮೂರನೇ ಒಂದು ಭಾಗ ಇಳಿಯಿತು. ಮುಂದೆ ನಿಯಂತ್ರಣ ತೆಗೆಯಬೇಕು ಎಂದವರ ಕೈಯಲ್ಲಿ ಯಾವಾಗಲೂ ಈ ಕೋಳಿ ಲೆಕ್ಕ ಇರುತ್ತಿತ್ತು.

ಆದರೆ ಅದೇ ಬೇಲಿಯೊಳಗೆ ಚಾಲಕರ ಬದುಕೂ ಗಟ್ಟಿಯಾಗಿ ಬೆಳೆದಿತ್ತು. ದರ ಸ್ಥಿರ, ಪೈಪೋಟಿ ಕಡಿಮೆ. ಹಾಗಾಗಿ ಸಂಬಳ ಹೆಚ್ಚಿಸಿದರೂ ಕಂಪನಿಗೆ ಪೆಟ್ಟಿಲ್ಲ, ಬಾಡಿಗೆಗೆ ಸೇರಿಸಿಬಿಡಬಹುದು. ಟೀಮ್‌ಸ್ಟರ್ಸ್ ಎಂಬ ಲಾರಿ ಚಾಲಕರ ಯೂನಿಯನ್ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿತ್ತು. 1964ರ ಜನವರಿಯಲ್ಲಿ ಅದರ ಅಧ್ಯಕ್ಷ ಜಿಮ್ಮಿ ಹೋಫಾ ಮುಂದಾಳತ್ವದಲ್ಲಿ ಇಡೀ ದೇಶಕ್ಕೆ ಒಂದೇ ಸರಕು ಸಾಗಣೆ ಒಪ್ಪಂದ ಆಯಿತು. 4 ಲಕ್ಷಕ್ಕೂ ಹೆಚ್ಚು ಕೆಲಸಗಾರರು ಅದರ ಅಡಿಯಲ್ಲಿ ಬಂದರು. ಹೈಸ್ಕೂಲು ಓದಿದ ಒಬ್ಬ ಚಾಲಕ ಮನೆ ಕಟ್ಟಬಹುದಿತ್ತು, ಮಕ್ಕಳನ್ನು ಕಾಲೇಜಿಗೆ ಕಳಿಸಬಹುದಿತ್ತು, ನಿವೃತ್ತಿಯಾದರೆ ಪಿಂಚಣಿ ಬರುತ್ತಿತ್ತು. ಯೂನಿಯನ್ ಒಳಗೆ ಭ್ರಷ್ಟಾಚಾರ ಇರಲಿಲ್ಲವೇ? ಇತ್ತು, ಧಾರಾಳವಾಗಿ ಇತ್ತು. ಹೋಫಾ ಜೈಲಿಗೂ ಹೋದರು. ಆದರೂ ತಿಂಗಳ ಕೊನೆಗೆ ಚಾಲಕನ ಕೈಗೆ ಬರುತ್ತಿದ್ದ ಹಣ ನಿಜವಾದ ಹಣ.

ಇಲ್ಲಿ ಒಂದು ಮಾತನ್ನು ನಾನು ಬಿಟ್ಟು ಮುಂದೆ ಹೋಗಲಾರೆ. ಆ ಒಳ್ಳೆಯ ಕೆಲಸ ಎಲ್ಲರಿಗೂ ಸಿಗುತ್ತಿರಲಿಲ್ಲ. ಟಿಐಎಂಇ-ಡಿಸಿ ಎಂಬ ದೊಡ್ಡ ಲಾರಿ ಕಂಪನಿಯ ಮೇಲೆ ಅಮೆರಿಕ ಸರ್ಕಾರವೇ ಹಾಕಿದ ಮೊಕದ್ದಮೆ 1977ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಅಲ್ಲಿ ಹೊರಬಿದ್ದ ಲೆಕ್ಕ ನೋಡಿ. 1971ರ ಮಾರ್ಚ್‌ನಲ್ಲಿ ಆ ಕಂಪನಿಯಲ್ಲಿ ದೂರದ ದಾರಿಯ ಚಾಲಕರು 1,828. ಅವರಲ್ಲಿ ಕಪ್ಪು ಜನ 8. ಸ್ಪ್ಯಾನಿಷ್ ಹೆಸರಿನವರು 5. ಷಿಕಾಗೋದಲ್ಲಿ 1950ರಿಂದ 1959ರ ತನಕ ಕೆಲಸ ಮಾಡಿದ ಒಬ್ಬರನ್ನು ಬಿಟ್ಟರೆ, 1969ರ ತನಕ ಕಂಪನಿ ಒಬ್ಬ ಕಪ್ಪು ಮನುಷ್ಯನನ್ನೂ ಕಾಯಂ ದೂರದಾರಿ ಚಾಲಕನಾಗಿ ಇಟ್ಟುಕೊಂಡಿರಲಿಲ್ಲ. ಊರೊಳಗೆ ಸರಕು ಹಂಚುವ ಕೆಲಸ, ಲಾರಿ ತೊಳೆಯುವ ಕೆಲಸ ಅವರಿಗೆ. ಹೆಚ್ಚು ಸಂಬಳದ ಕೆಲಸ ಬಿಳಿಯರಿಗೆ. ಹಳೆಯ ಕಾಲವನ್ನು ಸುಮ್ನೆ ಹೊಗಳುವವರು ಈ 8 ಮತ್ತು 5ನ್ನು ನೆನಪಿಡಬೇಕು ಅಂತ ನನಗೆ ಅನಿಸುತ್ತದೆ.

1970ರ ದಶಕದ ಕೊನೆಗೆ ಎಣ್ಣೆ ಬೆಲೆ ಏರಿತು, ಎಲ್ಲ ಸಾಮಾನಿನ ಬೆಲೆಯೂ ಏರಿತು. ಸೆನೆಟರ್ ಟೆಡ್ ಕೆನಡಿ, ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್, ದೊಡ್ಡ ಕಾರ್ಖಾನೆಗಳ ಸಂಘ, ಹೀಗೆ ಒಬ್ಬರ ಮುಖ ಒಬ್ಬರು ನೋಡದವರೆಲ್ಲ ಒಂದೇ ಕಡೆ ನಿಂತರು. ಎದುರು ನಿಂತವರು ಲಾರಿ ಕಂಪನಿಗಳ ಸಂಘ ಮತ್ತು ಟೀಮ್‌ಸ್ಟರ್ಸ್. ಮಾಲೀಕರೂ ಕೆಲಸಗಾರರೂ ಒಟ್ಟಿಗೆ. 1980ರ ಜುಲೈ 1ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಹೊಸ ಮೋಟಾರ್ ಕ್ಯಾರಿಯರ್ ಕಾಯ್ದೆಗೆ ಸಹಿ ಹಾಕಿದರು. ಪರ್ಮಿಟ್ ಸಿಗುವುದು ಸುಲಭವಾಯಿತು. ದರ ಇಳಿಸುವ ಸ್ವಾತಂತ್ರ್ಯ ಬಂತು. ಕೋಟಿಗಟ್ಟಲೆ ಕೊಟ್ಟು ಕೊಂಡಿದ್ದ ಹಳೆಯ ಪರ್ಮಿಟ್‌ಗಳನ್ನು ಕಂಪನಿಗಳು ತಮ್ಮ ಲೆಕ್ಕದ ಪುಸ್ತಕದಲ್ಲಿ ಸೊನ್ನೆ ಮಾಡಬೇಕಾಯಿತು. ಹತ್ತು ವರ್ಷದಲ್ಲಿ ಪರ್ಮಿಟ್ ಇದ್ದ ಕಂಪನಿಗಳ ಸಂಖ್ಯೆ ದುಪ್ಪಟ್ಟು ದಾಟಿತು.

ಈಗ ಮತ್ತೆ ನಮ್ಮ ಕಂಪನಿಗೆ ಬರೋಣ.

1981ರಲ್ಲಿ ಕನ್ಸಾಲಿಡೇಟೆಡ್ ತನ್ನ ಫ್ರೈಟ್‌ಲೈನರ್ ಕಾರ್ಖಾನೆಯನ್ನು ಜರ್ಮನಿಯ ಡೈಮ್ಲರ್-ಬೆಂಜ್‌ಗೆ ಮಾರಿತು. 1983ರಲ್ಲಿ ಅದೇ ಮಾಲೀಕತ್ವದಲ್ಲಿ ಕಾನ್-ವೇ ಎಂಬ ಹೊಸ ಪಾರ್ಸಲ್ ಕಂಪನಿಗಳು ಶುರುವಾದವು. ಹತ್ತಿರದ ಊರುಗಳ ನಡುವಿನ ಸಾಗಣೆ. ಅಲ್ಲಿ ಯೂನಿಯನ್ ಇರಲಿಲ್ಲ. ಸಂಬಳ ಕಡಿಮೆ, ಕೆಲಸದ ನಿಯಮ ಸಡಿಲ. ಒಂದೇ ಮನೆಯಲ್ಲಿ ಎರಡು ಒಲೆ ಹಚ್ಚಿದ ಹಾಗೆ. ಒಂದು ಒಲೆಗೆ ಕಟ್ಟಿಗೆ ಹಾಕುತ್ತಾ ಹೋದರು, ಇನ್ನೊಂದು ತಾನಾಗಿ ಆರುತ್ತಾ ಬಂತು. ಟೀಮ್‌ಸ್ಟರ್ಸ್‌ನವರಿಗೆ ಇದು ಕಾಣಲಿಲ್ಲ ಎಂದಲ್ಲ. ಕಂಡರೂ ಮಾಡುವಂಥದ್ದು ಜಾಸ್ತಿ ಇರಲಿಲ್ಲ. 1982ರ ರಾಷ್ಟ್ರೀಯ ಒಪ್ಪಂದದಲ್ಲೇ ಅವರು ಸಂಬಳ ಏರಿಕೆಯನ್ನು ಬಿಟ್ಟುಕೊಟ್ಟಿದ್ದರು. ಕಂಪನಿ ಉಳಿದರೆ ಕೆಲಸ ಉಳಿದೀತು ಎಂಬ ಆಸೆ. 1994ರ ಏಪ್ರಿಲ್‌ನಲ್ಲಿ 24 ದಿನ ಮುಷ್ಕರವನ್ನೂ ಮಾಡಿ ನೋಡಿದರು.

1996ರ ಕೊನೆಯಲ್ಲಿ ಮಾಲೀಕರು ಯೂನಿಯನ್ ಇದ್ದ ಹಳೆಯ ಕಂಪನಿಯನ್ನು ಬೇರೆ ಮಾಡಿ ಹೊರಗಿಟ್ಟರು. ಕಾನ್-ವೇ ಮೂಲ ಮನೆಯಲ್ಲೇ ಉಳಿಯಿತು. ಹೆಸರು, ಹಳೆ ಟರ್ಮಿನಲ್‌ಗಳು, ಹಳೆ ಕೆಲಸಗಾರರು ಹೊರಗಿನ ಕಂಪನಿಯ ಪಾಲಿಗೆ. ಪಾಲಾದ ಆರು ವರ್ಷಕ್ಕೆ ಆ ಫೋನ್ ದನಿ ಬಂತು. ಕಾನ್-ವೇ ಕಂಪನಿಯನ್ನು 2015ರಲ್ಲಿ ಸಾಗಣೆ ಕಂಪನಿ ಎಕ್ಸ್‌ಪಿಒ ಸುಮಾರು 300 ಕೋಟಿ ಡಾಲರ್ ಕೊಟ್ಟು ಕೊಂಡಿತು. ಅಂದರೆ 1929ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ನೆಟ್ಟ ಮರದ ಎರಡು ಕೊಂಬೆ ಇನ್ನೂ ಹಸಿರಾಗಿವೆ. ಕಾಂಡದಲ್ಲಿದ್ದವರು ಮಾತ್ರ ಬೀದಿಗೆ ಬಂದರು.

ಹಾಗಂತ ಎಲ್ಲವನ್ನೂ ಒಂದು ಕಾಯ್ದೆಯ ತಲೆಗೆ ಕಟ್ಟುವುದು ಸರಿಯಲ್ಲ. 1981-82ರಲ್ಲಿ ದೊಡ್ಡ ಆರ್ಥಿಕ ಕುಸಿತ ಇತ್ತು. ಆ ಕಾಲದಲ್ಲಿ ಅಮೆರಿಕದ ಬೇರೆ ಕೈಕೆಲಸಗಾರರ ಸಂಬಳವೂ ಕುಗ್ಗಿತು. ಕನ್ಸಾಲಿಡೇಟೆಡ್‌ನ ಆಡಳಿತದವರ ತಪ್ಪುಗಳೂ ಇರಬಹುದು. ಆದರೂ ಲಾರಿ ಕೆಲಸದಲ್ಲಿ ಆದ ಇಳಿತ ಬೇರೆ ತೂಕದ್ದು. ಯೂನಿಯನ್ ಚಾಲಕರಿಗೆ ಯೂನಿಯನ್ ಇಲ್ಲದವರಿಗಿಂತ ಸುಮಾರು 50% ಹೆಚ್ಚು ಸಿಗುತ್ತಿತ್ತು. ಕಾಯ್ದೆ ಬಂದ ಕೆಲವೇ ವರ್ಷದಲ್ಲಿ ಅದು 30%ಕ್ಕಿಂತ ಕೆಳಗಿಳಿಯಿತು ಎಂದು ಅರ್ಥಶಾಸ್ತ್ರಜ್ಞೆ ನ್ಯಾನ್ಸಿ ರೋಸ್ 1987ರಲ್ಲಿ ತೋರಿಸಿದರು. ಮೈಕೆಲ್ ಬೆಲ್ಜರ್ ಎಂಬವರು ಮೊದಲು ಸ್ವತಃ ಲಾರಿ ಓಡಿಸಿ ಆಮೇಲೆ ಅರ್ಥಶಾಸ್ತ್ರ ಓದಿದವರು. ಬೆಲೆ ಏರಿಕೆ ಕಳೆದು ನೋಡಿದರೆ 1977ರಿಂದ 1995ರೊಳಗೆ ಚಾಲಕರ ಗಳಿಕೆ ಸುಮಾರು 30% ಕುಸಿದಿದೆ ಎಂದು ಅವರು ಲೆಕ್ಕ ಕೊಟ್ಟರು.

ಇದು ಪಾರ್ಸಲ್ ಲಾರಿಯವರ ಪಾಡಾಯಿತು. ಅಲ್ಲಿ ಟರ್ಮಿನಲ್ ಬೇಕು, ಜಾಗ ಬೇಕು, ಹಾಗಾಗಿ ಹೊಸಬರು ದಿಢೀರಂತ ನುಗ್ಗಲಾಗಲಿಲ್ಲ. ಒಬ್ಬನೇ ಗಿರಾಕಿಯ ಸರಕನ್ನು ಲಾರಿ ತುಂಬ ಒಯ್ಯುವ ಫುಲ್ ಲೋಡ್ ವ್ಯವಹಾರಕ್ಕೆ ಅಂಥ ಬಾಗಿಲೇ ಇಲ್ಲ. ಒಂದು ಲಾರಿ, ಒಬ್ಬ ಚಾಲಕ, ಒಂದು ಫೋನ್ ಇದ್ದರೆ ಸಾಕು. ಯೂನಿಯನ್ ಅಲ್ಲಿಂದ ಹೆಚ್ಚುಕಡಿಮೆ ಅಳಿಸಿಹೋಯಿತು. ಇವತ್ತು ಅಮೆರಿಕದ ದೂರದಾರಿ ಚಾಲಕ ಎಂದರೆ ಬಹುಪಾಲು ಈ ಕಡೆಯವನೇ.

ಅವನ ಒಂದು ದಿನವನ್ನು ಹತ್ತಿರದಿಂದ ನೋಡೋಣ. ಕೂಲಿ ಮೈಲಿ ಲೆಕ್ಕ. ಮೈಲಿಗೆ 50 ಸೆಂಟ್ ಅಂತ ಇಟ್ಟುಕೊಳ್ಳೋಣ. ಈಗಿನ ನಿಯಮದಂತೆ ಕೆಲಸ ಶುರು ಮಾಡಿದ 14 ಗಂಟೆಯೊಳಗೆ ಅವನು ಹೆಚ್ಚೆಂದರೆ 11 ಗಂಟೆ ಗಾಡಿ ಓಡಿಸಬಹುದು. ಬೆಳಿಗ್ಗೆ 6ಕ್ಕೆ ಹೊರಟ, 7ಕ್ಕೆ ಒಂದು ಗೋದಾಮಿನ ಗೇಟಿಗೆ ಬಂದ. ಕಿಟಕಿಯಲ್ಲಿ ಚೀಟಿ ಕೊಟ್ಟ. "ಕರೀತೀವಿ, ಗಾಡಿಯಲ್ಲೇ ಇರು" ಎಂದರು. 8 ಆಯಿತು, 9 ಆಯಿತು. ಪಕ್ಕದ ಲಾರಿಯವನು ಸೀಟಿನಲ್ಲೇ ತಲೆ ಒರಗಿಸಿದ್ದಾನೆ. ಶೌಚಾಲಯ ಬಳಸಲು ಬಿಡದ ಗೋದಾಮುಗಳೂ ಇವೆ. 12 ಗಂಟೆಗೆ ಬಾಗಿಲು ಸಿಕ್ಕಿ ಲೋಡ್ ಆಯಿತು. ಮೊದಲ ಎರಡು ಗಂಟೆ ಕಾಯುವುದು ಪುಕ್ಕಟೆ ಎಂಬುದು ಅಲ್ಲಿನ ವಾಡಿಕೆ. ಆಮೇಲಿನ ಗಂಟೆಗಳಿಗೂ ದುಡ್ಡು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅವನ 14 ಗಂಟೆಯ ಗಡಿಯಾರ ಮಾತ್ರ ನಿಲ್ಲಲಿಲ್ಲ. ರಾತ್ರಿ 8ಕ್ಕೆ ಅದು ಮುಗಿಯುತ್ತದೆ. ಅಷ್ಟರಲ್ಲಿ ಒಟ್ಟು 400 ಮೈಲಿ ಓಡಿಸಿದರೆ ದೊಡ್ಡದು. 200 ಡಾಲರ್. 14 ಗಂಟೆಗೆ ಹಂಚಿದರೆ ಗಂಟೆಗೆ 14 ಡಾಲರ್ ಚಿಲ್ಲರೆ. ಹೀಗೆ ಕಾಯುವ ಪಾಡಿಲ್ಲದೆ 11 ಗಂಟೆ ಪೂರ್ತಿ ಓಡಿಸಿದ್ದರೆ 550 ಮೈಲಿ, 275 ಡಾಲರ್ ಆಗುತ್ತಿತ್ತು. ಗೋದಾಮಿನವರು ಒಬ್ಬ ಹಮಾಲಿಯನ್ನು ಕಡಿಮೆ ಇಟ್ಟುಕೊಂಡು ಉಳಿಸಿದ ಹಣ ಈ ಚಾಲಕನ ಜೇಬಿನಿಂದ ಹೋಯಿತು. ನಮ್ಮ ಲಾರಿ ಬುಕಿಂಗ್ ಆಫೀಸುಗಳ ಮುಂದೆ ಲೋಡಿಗಾಗಿ ದಿನಗಟ್ಟಲೆ ಕೂರುವ ಚಾಲಕರಿಗೆ ಇದು ಹೊಸ ಕಥೆಯಲ್ಲ, ಅಲ್ವಾ?

ಹಿಂದೆ ಇದಕ್ಕೆ ಚಾಲಕರು ತಾವೇ ಒಂದು ದಾರಿ ಮಾಡಿಕೊಂಡಿದ್ದರು. ದುಡಿದ, ಮಲಗಿದ ಗಂಟೆಗಳನ್ನು ದಾಖಲಿಸುವ ಲಾಗ್ ಪುಸ್ತಕದಲ್ಲಿ ಸುಳ್ಳು ಬರೆಯುವುದು. ಅದನ್ನು ಅವರು ತಮ್ಮೊಳಗೆ 'ಕಾಮಿಕ್ ಪುಸ್ತಕ' ಎಂದೇ ಕರೆಯುತ್ತಿದ್ದರು. ಕಾದ ಗಂಟೆಗಳನ್ನು ನಿದ್ದೆ ಎಂದು ಬರೆದು, ನಿದ್ದೆಗೆಟ್ಟು ಓಡಿಸುವುದು. 2017ರ ಡಿಸೆಂಬರ್‌ನಿಂದ ಎಲೆಕ್ಟ್ರಾನಿಕ್ ಲಾಗ್ ಕಡ್ಡಾಯವಾದ ಮೇಲೆ ಅದು ಕಷ್ಟವಾಯಿತು. ರಸ್ತೆಯ ಸುರಕ್ಷತೆಗೆ ಒಳ್ಳೆಯದೇ. ಆದರೆ ಕಾಯಿಸುವವರಿಗೆ ಯಾವ ಯಂತ್ರವನ್ನೂ ಕಟ್ಟಲಿಲ್ಲ.

ಇನ್ನೊಂದು ಬಗೆಯ ಕಷ್ಟ 'ಸ್ವಂತ ಲಾರಿ'ಯದು. ಕಂಪನಿಯೇ ಲಾರಿಯನ್ನು ಕಂತಿನ ಲೆಕ್ಕದಲ್ಲಿ ಚಾಲಕನಿಗೆ ಕೊಡುತ್ತದೆ, ಕಂಪನಿಯೇ ಲೋಡ್ ಕೊಡುತ್ತದೆ, ಕಾಗದದಲ್ಲಿ ಮಾತ್ರ ಅವನು ನೌಕರನಲ್ಲ, ಸ್ವತಂತ್ರ ಗುತ್ತಿಗೆದಾರ. ನ್ಯೂ ಪ್ರೈಮ್ ಎಂಬ ಕಂಪನಿಯ ಮೇಲೆ ಒಬ್ಬ ಚಾಲಕ ಹಾಕಿದ ಮೊಕದ್ದಮೆಯಲ್ಲಿ ಇದರ ಒಳಗು ಹೊರಗೆ ಬಂತು. ಅವನು ಕೋರ್ಟಿಗೆ ಹೇಳಿಕೊಂಡ ಪ್ರಕಾರ, ಕಲಿಯುವವನಾಗಿ 10,000 ಮೈಲಿ ಸಂಬಳವಿಲ್ಲದೆ ಓಡಿಸಬೇಕಾಯಿತು. ಆಮೇಲೆ ಗುತ್ತಿಗೆದಾರನಾಗು ಎಂದರು. ಲಾರಿ ಕಂತು, ಡೀಸೆಲ್, ಸಲಕರಣೆಗಳ ಹಣ ಎಲ್ಲ ಕಳೆದ ಮೇಲೆ ಕೆಲವು ವಾರ ಅವನ ಸಂಬಳದ ಚೀಟಿಯಲ್ಲಿ ಬಂದದ್ದು ಸೊನ್ನೆಗಿಂತ ಕೆಳಗಿನ ಸಂಖ್ಯೆ. ವಾರವಿಡೀ ದುಡಿದು ಕಂಪನಿಗೇ ಸಾಲಗಾರ! 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಗುತ್ತಿಗೆದಾರನೆಂದು ಹೆಸರಿಟ್ಟ ಮಾತ್ರಕ್ಕೆ ಇಂಥವರನ್ನು ಖಾಸಗಿ ಪಂಚಾಯಿತಿಗೆ (ಆರ್ಬಿಟ್ರೇಷನ್) ದೂಡುವಂತಿಲ್ಲ, ಅವರು ಕೋರ್ಟಿಗೆ ಬರಬಹುದು ಎಂದು ಒಮ್ಮತದಿಂದ ಹೇಳಿತು. ದೊಡ್ಡ ಫುಲ್ ಲೋಡ್ ಕಂಪನಿಗಳಲ್ಲಿ ಕೆಲಸ ಬಿಡುವವರ ಪ್ರಮಾಣ ಎಷ್ಟೋ ವರ್ಷ 90% ದಾಟಿತ್ತು. ನೂರು ಚಾಲಕರ ಕಂಪನಿಯಲ್ಲಿ ವರ್ಷಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಜಾಗ ಖಾಲಿ. 'ಚಾಲಕರು ಸಿಗುತ್ತಿಲ್ಲ' ಎಂದು ಕಂಪನಿಗಳು ಗೋಳಾಡುವಾಗ ಈ ಲೆಕ್ಕವನ್ನೂ ಪಕ್ಕದಲ್ಲಿಟ್ಟು ಓದಬೇಕು. ಜೆ.ಬಿ. ಹಂಟ್ ಎಂಬ ದೊಡ್ಡ ಕಂಪನಿ 1997ರಲ್ಲಿ ಸಂಬಳವನ್ನು ಒಮ್ಮೆಗೇ ಸುಮಾರು ಮೂರನೇ ಒಂದು ಭಾಗ ಏರಿಸಿತು. ಬಿಟ್ಟು ಹೋಗುವವರು ಕಡಿಮೆಯಾದರು, ಅಪಘಾತಗಳೂ ಕಡಿಮೆಯಾದವು.

ಕನ್ಸಾಲಿಡೇಟೆಡ್‌ನಂಥ ಕಂಪನಿಗಳು ಮುಚ್ಚಿದ ಮೇಲೆ ಅವರ ನಿವೃತ್ತ ಚಾಲಕರ ಗತಿ ಏನಾಯಿತು? ಸೆಂಟ್ರಲ್ ಸ್ಟೇಟ್ಸ್ ಎಂಬ ಟೀಮ್‌ಸ್ಟರ್ಸ್ ಪಿಂಚಣಿ ನಿಧಿಗೆ ನೂರಾರು ಕಂಪನಿಗಳು ಸೇರಿ ಹಣ ಕಟ್ಟುತ್ತಿದ್ದವು. ಒಂದು ಕಂಪನಿ ಮುಚ್ಚಿದರೆ ಅದರ ನಿವೃತ್ತರ ಹೊರೆ ಉಳಿದವರ ಹೆಗಲಿಗೆ. ಹೊರೆ ಏರಿದಂತೆ ಉಳಿದವರೂ ಕುಸಿದರು. ಹೊಸ ಕಂಪನಿಗಳು ಇತ್ತ ತಲೆ ಹಾಕಲಿಲ್ಲ. ಯುಪಿಎಸ್ ಎಂಬ ದೊಡ್ಡ ಪಾರ್ಸಲ್ ಕಂಪನಿ 2007ರಲ್ಲಿ 610 ಕೋಟಿ ಡಾಲರ್ ಕಟ್ಟಿ ಹೊರಗೆ ಹೋಯಿತು. ಕೊನೆಗೆ ದುಡಿದು ಹಣ ಕಟ್ಟುವವರಿಗಿಂತ ಪಿಂಚಣಿ ಪಡೆಯುವವರೇ ಎಷ್ಟೋ ಪಟ್ಟು ಜಾಸ್ತಿಯಾದರು. ಪಿಂಚಣಿ ಕಡಿತದ ಯೋಜನೆಯನ್ನು 2016ರಲ್ಲಿ ಸರ್ಕಾರದ ಖಜಾನೆ ಇಲಾಖೆ ತಿರಸ್ಕರಿಸಿತು. 2022ರ ಡಿಸೆಂಬರ್‌ನಲ್ಲಿ ಸರ್ಕಾರ ಸುಮಾರು 3,600 ಕೋಟಿ ಡಾಲರ್ ಕೊಟ್ಟು ನಿಧಿಯನ್ನು ಉಳಿಸಿತು. 3.5 ಲಕ್ಷ ಜನರ ಪಿಂಚಣಿ ಅದು. 1980ರಲ್ಲಿ ಅಗ್ಗದ ಬಾಡಿಗೆ ಎಂದು ಖುಷಿಪಟ್ಟ ದೇಶ ಅದರ ಬಾಕಿಯಲ್ಲಿ ಒಂದು ಭಾಗವನ್ನು 42 ವರ್ಷದ ಮೇಲೆ ತೆರಿಗೆ ಹಣದಿಂದ ಕಟ್ಟಿತು. ಮರುವರ್ಷವೇ, 2023ರ ಜುಲೈ ಕೊನೆಗೆ, ಯೆಲ್ಲೋ ಎಂಬ ಇನ್ನೊಂದು ಹಳೆಯ ಪಾರ್ಸಲ್ ಲಾರಿ ಕಂಪನಿ ಮುಚ್ಚಿತು. ಸುಮಾರು 30,000 ಕೆಲಸ. ಕನ್ಸಾಲಿಡೇಟೆಡ್‌ನ ಎರಡರಷ್ಟು.

ಇಷ್ಟೆಲ್ಲ ಓದಿದ ಮೇಲೆ ನನಗೆ ಕಾಣುವ ತಪ್ಪು ಬೇಲಿ ಕಿತ್ತದ್ದರಲ್ಲಿಲ್ಲ. ಖಾಲಿ ಲಾರಿ ಓಡಿಸುವ ನಿಯಮ, ಕೋಳಿಯ ಜಗಳ, ಬಿಳಿಯರಿಗೆ ಮಾತ್ರ ಒಳ್ಳೆಯ ಕೆಲಸ, ಇವುಗಳನ್ನು ಉಳಿಸಿಕೊಳ್ಳಬೇಕಿತ್ತು ಎಂದು ಯಾರೂ ಹೇಳಲಾರರು. ಆದರೆ ಆ ಬೇಲಿ ಚಾಲಕರಿಗೆ ಒಂದು ಕೆಲಸ ಮಾಡಿಕೊಡುತ್ತಿತ್ತು. 1938ರಲ್ಲಿ ಅಮೆರಿಕದಲ್ಲಿ ಕನಿಷ್ಠ ಕೂಲಿ ಮತ್ತು ಓವರ್‌ಟೈಮ್ ಕಾಯ್ದೆ ಬಂತು. ವಾರದ ಮಿತಿ ದಾಟಿದ ಗಂಟೆಗೆ ಒಂದೂವರೆ ಪಟ್ಟು ಕೂಲಿ. ಆದರೆ ಲಾರಿ ಚಾಲಕರನ್ನು ಓವರ್‌ಟೈಮ್‌ನಿಂದ ಹೊರಗಿಟ್ಟರು. ಅವರ ದುಡಿಮೆಯ ಗಂಟೆಗಳನ್ನು ಅಂತರರಾಜ್ಯ ವಾಣಿಜ್ಯ ಆಯೋಗ ನೋಡಿಕೊಳ್ಳುತ್ತದಲ್ಲ ಎಂಬುದು ಕಾರಣ. ನಿಗದಿ ದರ ಮತ್ತು ಯೂನಿಯನ್ ಇದ್ದಷ್ಟು ದಿನ ಆ ಕೊರತೆ ಅಷ್ಟಾಗಿ ಕಾಡಲಿಲ್ಲ. 1980ರಲ್ಲಿ ದರದ ಆಸರೆ ಹೋಯಿತು. 1995ರ ಕೊನೆಗೆ ಆಯೋಗವನ್ನೇ ಮುಚ್ಚಿದರು. ವಿನಾಯಿತಿ ಮಾತ್ರ ಹಾಗೇ ಉಳಿಯಿತು. ಒಂದು ಕೈಯಿಂದ ಛತ್ರಿ ಕಿತ್ತುಕೊಂಡವರು ಇನ್ನೊಂದು ಕೈಯಿಂದ ಒಂದು ಗೋಣಿಚೀಲ ಕೂಡ ಕೊಡಲಿಲ್ಲ.

ನಮ್ಮಲ್ಲೂ 1988ರ ಮೋಟಾರು ವಾಹನ ಕಾಯ್ದೆ ಸರಕು ಲಾರಿಗಳ ಪರ್ಮಿಟ್ಟನ್ನು ಸುಲಭ ಮಾಡಿತು. ಅದು ಜಾರಿಗೆ ಬಂದದ್ದೂ ಜುಲೈ 1ರಂದೇ, 1989ರಲ್ಲಿ. ಚಾಲಕನ ದಿನದ ದುಡಿಮೆಗೆ 8 ಗಂಟೆಯ ಮಿತಿ ಹಾಕಿದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರದು. ಅದು ಅನ್ವಯಿಸುತ್ತಿದ್ದದ್ದು ಐದು ಮತ್ತು ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ. ಒಂದು ಲಾರಿಯ ಮಾಲೀಕನ ಹತ್ತಿರ ದುಡಿಯುವ ಚಾಲಕ, ಕ್ಲೀನರ್ ಅದರ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಲಾರಿ ಚಾಲಕರಿಗೂ ಓವರ್‌ಟೈಮ್ ಕೊಡಬೇಕು ಎಂಬ ಮಸೂದೆ 2022ರಲ್ಲಿ ಅಮೆರಿಕದ ಕಾಂಗ್ರೆಸ್ ಮುಂದೆ ಬಂತು. ಪಾಸಾಗಲಿಲ್ಲ. ಮರುವರ್ಷ ಮತ್ತೆ ಮಂಡಿಸಿದರು. ಆಗಲೂ ಪಾಸಾಗಲಿಲ್ಲ.